ಮಹಬೂಲಾದ ಶೆರಿಫ್ ಮತ್ತು ನನ್ನ ಅರ್ಥಗಾರಿಕೆ

ಕಳೆದ ಶುಕ್ರವಾರ ಬೆಳಿಗ್ಗೆ ಕುವೈತಿನ ಎಗೈಲಾದ ನಮ್ಮ ಮನೆಯಲ್ಲಿ ಹೆಂಡತಿ ತೆಂಗಿನಕಾಯಿ ತುರಿದು, ಎರಡು ಗೆರಟೆಗಳನ್ನು ಕಸದ ಚೀಲಕ್ಕೆ ಹಾಕಿ ಎಂದು ನನ್ನ ಕೈಗೆ ಕೊಟ್ಟಳು. ನಾನು ಹಾಕಲಿಲ್ಲ. ಅವನ್ನು ಕವುಚಿ ಹಿಡಿದು ಅಡುಗೆ ಕಟ್ಟೆಯ ಮೇಲೆ ಟಕಟಕ ಬಡಿದೆ. ಮಗಳು ಕಿವಿಯಿಂದ ಇಯರ್‌ಫೋನ್ ತೆಗೆದು, "ಪಪ್ಪಾ, ಆರ್ ಯು ಓಕೆ?" ಎಂದಳು. ಕುದುರೆ ಓಡಿಸುತ್ತಿದ್ದೇನೆ ಎಂದೆ. "ಮಧ್ಯಾಹ್ನ ಬಾಬಣ್ಣ ಊಟಕ್ಕೆ ಬರ್ತಾರಲ್ಲ, ಅದಕ್ಕೇ ಇವರಿಗೆ ಹೀಗೆ," ಎಂದು ಹೆಂಡತಿ ನನ್ನ ಕಾಯಿಲೆಗೆ ಕಾರಣ ಕೊಟ್ಟಳು.

ಬಾಬಣ್ಣ ಕೆಲಸ ಮುಗಿಸಿ ಊರಿಗೆ ಹೊರಟಿದ್ದರು, ಇನ್ನು ತಿರುಗಿ ಬರುವುದಿಲ್ಲ. ಅವರಿಗೊಂದು ಬೀಳ್ಕೊಡುಗೆಯ ಊಟ ನಮ್ಮಲ್ಲಿ. ಅವರ ಕಥೆ ಹೇಳಬೇಕಾದರೆ ನಾನು ಬ್ಯಾಚುಲರ್ ಆಗಿದ್ದ ಕಾಲಕ್ಕೆ ಹೋಗಬೇಕು. ಕುವೈತಿನಲ್ಲಿ ಬ್ಯಾಚುಲರ್ ಎಂದರೆ ಮದುವೆಯಾಗದವನು ಎಂದು ತಿಳಿಯಬೇಡಿ. ಹೆಂಡತಿ ಊರಲ್ಲಿದ್ದರೆ ಮೂರು ಮಕ್ಕಳ ತಂದೆಯೂ ಇಲ್ಲಿ ಬ್ಯಾಚುಲರೇ. ಅಂಥ ಏಳು ಜನ ಬ್ಯಾಚುಲರ್‌ಗಳು ಮಹಬೂಲಾದ ಒಂದು ಕಟ್ಟಡದ ಏಳನೇ ಮಹಡಿಯಲ್ಲಿ, ಕಂಪೆನಿ ಕೊಟ್ಟ ಫ್ಲ್ಯಾಟಿನಲ್ಲಿ ಇದ್ದೆವು. ಎರಡು ರೂಮುಗಳಲ್ಲಿ ಮೂರು ಮೂರು ಜನ. ಏಳನೆಯವರಾದ ಬಾಬಣ್ಣನ ಮಂಚ ಹಾಲ್‌ನಲ್ಲಿ. ಅವರ ಗೊರಕೆಯ ಕಾರಣಕ್ಕೆ ನಾವೇ ಅವರನ್ನು ಅಲ್ಲಿಗೆ ದಾಟಿಸಿದ್ದು. ಅವರು ಅದನ್ನು ಬಡ್ತಿ ಎಂದು ತಿಳಿದು ಹಾಲ್ ಅನ್ನು ಆಳತೊಡಗಿದರು.

ಎಸಿ ರಿಪೇರಿಯ ಕಂಪೆನಿ ನಮ್ಮದು. ಬಾಬಣ್ಣ ರಾಯ್ ಎಂಬ ಗೋದಾಮುಗಳ ಪ್ರದೇಶದಲ್ಲಿದ್ದ ಅದರ ಉಗ್ರಾಣದ ಸ್ಟೋರ್ ಕೀಪರ್. ಮೂಲ್ಕಿ ಕಡೆಯವರು, ಓದಿದ್ದು ಏಳನೇ ಕ್ಲಾಸು. ಒಮ್ಮೆ ಶುಕ್ರವಾರದ ಸಂತೆಯಿಂದ ಹಳೆಯ ಟೇಪ್ ರೆಕಾರ್ಡರ್ ತಂದರು. ಅದರ ಜೊತೆ ಪುಕ್ಕಟೆ ಸಿಕ್ಕಿದ ಕ್ಯಾಸೆಟ್‌ನಲ್ಲಿ ಅಮೆರಿಕದ ಯಾವುದೋ ಓಬೀರಾಯನ ಕಾಲದ ರೇಡಿಯೋ ನಾಟಕವಿತ್ತು. ಬರೀ ಕುದುರೆ ಓಟ, ಗುಂಡಿನ ಸದ್ದು, ನಡುವೆ ಒಬ್ಬ ಮೂಗಿನಲ್ಲಿ ಮಾತಾಡುತ್ತಿದ್ದ. ಆ ಇಂಗ್ಲಿಷ್ ನನಗೂ ಅರ್ಧಂಬರ್ಧವೇ. ಆದರೆ ಫ್ಲ್ಯಾಟಿನಲ್ಲಿ ಆಫೀಸಿಗೆ ಹೋಗುವ ಗುಮಾಸ್ತ ನಾನೊಬ್ಬನೇ ಆದ್ದರಿಂದ ಅನುವಾದದ ಹೊಣೆ ನನ್ನ ತಲೆಗೆ ಬಂತು. ಅರ್ಥವಾಗದ ಕಡೆ ನಾನೇ ಕಥೆ ಕಟ್ಟಿದೆ. ಮರುಭೂಮಿಯ ಅಂಚಿನಲ್ಲಿ ಒಂದು ಪುಟ್ಟ ಪೇಟೆ. ಅದರ ಒಂದೇ ಬಾವಿಯ ಮೇಲೆ ದರೋಡೆಕೋರರ ಕಣ್ಣು. ಪೇಟೆಯನ್ನು ಕಾಯಲು ಒಬ್ಬ ಶೆರಿಫ್, ಅಂದರೆ ಅಲ್ಲಿನ ಪೊಲೀಸ್ ಅಧಿಕಾರಿ. ಮೂಲದಲ್ಲಿ ಬಾವಿ ಇತ್ತೋ ಇಲ್ಲವೋ, ದೇವರಾಣೆ ನನಗೆ ಗೊತ್ತಿಲ್ಲ.

ನಾಲ್ಕೈದು ಶುಕ್ರವಾರ ಕೇಳಿದ ಮೇಲೆ ಬಾಬಣ್ಣ ಒಂದು ತೀರ್ಪು ಕೊಟ್ಟರು. "ಇದು ನಮ್ಮ ತಾಳಮದ್ದಳೆಯೇ ಅಲ್ವಾ ಮಾರಾಯ. ವೇಷ ಇಲ್ಲ, ಕುಣಿತ ಇಲ್ಲ. ಕೂತು ಮಾತಾಡುದು ಮಾತ್ರ. ನಾವೂ ಮಾಡುವ."

ಹಾಗೆ ಮಹಬೂಲಾದಲ್ಲಿ ಅಮೆರಿಕದ ತಾಳಮದ್ದಳೆ ಶುರುವಾಯಿತು. ಶುಕ್ರವಾರ ಮೀನು ಸಾರು, ಕುಚ್ಚಲಕ್ಕಿ ಅನ್ನ ಉಂಡು, ಲುಂಗಿ ಮೇಲಕ್ಕೆ ಕಟ್ಟಿ ಬಾಬಣ್ಣ ಶೆರಿಫ್ ಆಗಿ ಮಂಚದ ಮೇಲೆ ಕೂರುತ್ತಿದ್ದರು. "ಎಲವೋ ತಸ್ಕರಾಧಮ, ಈ ಪುರದ ಬಾವಿಯ ಒಂದು ಬಿಂದು ಜಲವನ್ನು ಮುಟ್ಟುವ ಮುನ್ನ ನನ್ನ ಈ ಕೋವಿಗೆ ಉತ್ತರ ಕೊಡು." ವಿಜಯಪುರ ಕಡೆಯ ಮೆಕ್ಯಾನಿಕ್ ಬಸವರಾಜ ತಾಳಮದ್ದಳೆಯನ್ನು ಹುಟ್ಟಿದಂದಿನಿಂದ ಕಂಡವನಲ್ಲ. ಅವನಿಗೆ ಎರಡು ಗೆರಟೆ ಕೊಟ್ಟು ಕುದುರೆ ಮಾಡಿದೆವು. ಶೆರಿಫ್‌ನ ಪೀಠಿಕೆ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತಿರಲಿಲ್ಲ. "ಅಣ್ಣಾರ, ಕುದುರಿ ಇಳೀರಿನ್ನ. ನನ್ನ ಕೈ ಬಿದ್ದು ಹೋದುವು," ಎಂದು ಅವನು ಅಂಗಲಾಚುತ್ತಿದ್ದ.

ದರೋಡೆಕೋರರ ನಾಯಕ ನಾನು. ಅರ್ಥಗಾರಿಕೆಯಲ್ಲಿ, ಅಂದರೆ ಈ ಮಾತಿನ ಜಗಳದಲ್ಲಿ, ನನಗೊಂದು ಪಟ್ಟು ಗೊತ್ತಿತ್ತು. ಎದುರಾಳಿಯ ಪಕ್ಷವನ್ನು ಅವನಿಗಿಂತ ಚೆನ್ನಾಗಿ ನಾವೇ ಹೇಳಿ, ಅವನು ತಲೆದೂಗುವಾಗ ಬುಡಸಮೇತ ಕೆಡವುವುದು. ಇದರಿಂದ ಎರಡು ಶುಕ್ರವಾರ ಸಾಲಾಗಿ ಪೇಟೆ ದರೋಡೆಕೋರರ ಪಾಲಾಯಿತು. "ಶೆರಿಫ್ ಸೋಲುದು ಉಂಟಾ ಮಾರಾಯ?" ಎಂದು ಬಾಬಣ್ಣ ಒಂದು ಹೊತ್ತು ನನ್ನೊಡನೆ ಮಾತು ಬಿಟ್ಟರು. ಇನ್ನೊಬ್ಬನು ಅರ್ಥ ಹೇಳುವಾಗ ನಡುವೆ ಬಾಯಿ ಹಾಕಬಾರದು ಎಂಬ ಶಿಸ್ತನ್ನು ಮಾತ್ರ ಅವರು ಎಲ್ಲರಿಗೂ ಕಲಿಸಿದ್ದರು.

ಹೀಗಿರುವಾಗ ನಮ್ಮ ವಸತಿ, ಕಾಗದಪತ್ರ ನೋಡಿಕೊಳ್ಳುವ ಕಂಪೆನಿಯ ಕ್ಯಾಂಪ್ ಬಾಸ್ ಸುದ್ದಿ ಕಳಿಸಿದ. ನಾಲ್ಕು ಹೊಸ ಮೆಕ್ಯಾನಿಕ್‌ಗಳು ಬರುತ್ತಾರೆ, ಹಾಲ್‌ಗೆ ಒಂದರ ಮೇಲೊಬ್ಬರು ಮಲಗುವ ಎರಡು ಡಬಲ್ ಮಂಚ ಹಾಕುತ್ತೇವೆ, ಬಾಬು ಸ್ಟೋರ್ ಕೀಪರ್ ರಾಯ್‌ನ ಗೋದಾಮಿನ ಮೇಲಿನ ರೂಮಿಗೆ ಹೋಗಲಿ. ಆ ಬೀದಿಯಲ್ಲಿ ಸಂಜೆ ಶಟರ್ ಎಳೆದರೆ ಬೆಳಿಗ್ಗೆಯವರೆಗೆ ನರಪಿಳ್ಳೆ ಇರುವುದಿಲ್ಲ. ಬಾಬಣ್ಣ ಅಂದು ಅನ್ನ ಬಿಟ್ಟು ಎದ್ದರು. "ಅಲ್ಲಿ ಮಾತಾಡ್ಲಿಕ್ಕೆ ಒಂದು ಜನ ಇಲ್ಲ. ನಾನು ಬಾಯಿ ಮುಚ್ಚಿ ಸಾಯ್ಬೇಕಾ?" ಎಂದರು. ನಮಗೆಲ್ಲ ನಿಜವಾಗಿಯೂ ಸಂಕಟವಾಯಿತು.

"ಬಿಡಾಂಗಿಲ್ರಿ," ಎಂದ ಬಸವರಾಜ. "ಒಂದೊಂದ್ ಮಂಚ ನಮ್ಮ ರೂಮಿನ್ಯಾಗ ಹಾಕ್ಲಿ. ಅಡಚಣಿ ಆದ್ರ ಆಗ್ಲಿ. ಅಣ್ಣಾರು ಇಲ್ಲೇ ಇರ್ಲಿ." ಏಳು ಜನವೂ ಒಪ್ಪಿದೆವು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರೂ ನನ್ನನ್ನೇ ನೋಡಿದರು. ಮಾತಿನ ಮಲ್ಲ ಎಂಬ ಬಿರುದು ಪುಕ್ಕಟೆ ಸಿಗುವುದಿಲ್ಲ ನೋಡಿ.

ಶುಕ್ರವಾರ ಮಧ್ಯಾಹ್ನ ಕ್ಯಾಂಪ್ ಬಾಸ್ ಬಂದ. ಬಾಬಣ್ಣನ ಮಂಚದ ಮೇಲೇ ಕೂತು, ಬಾಬಣ್ಣನೇ ಮಾಡಿದ ಚಹಾ ಕುಡಿದ. ನಾನು ಎದ್ದು ನಿಂತೆ. ಪಟ್ಟಿನ ಪ್ರಕಾರ ಮೊದಲು ಅವನ ಪಕ್ಷ. ಕಂಪೆನಿ ಬೆಳೆಯಬೇಕು, ಹೊಸಬರಿಗೂ ನೆರಳು ಬೇಕು, ಇಷ್ಟು ದೊಡ್ಡ ಹಾಲ್ ಒಬ್ಬರಿಗೇ ಎಂದರೆ ನ್ಯಾಯವಲ್ಲ, ಗೋದಾಮಿಗೂ ರಾತ್ರಿ ಕಾವಲು ಸಿಕ್ಕಂತಾಯಿತು. ಇದನ್ನೆಲ್ಲ ಹತ್ತು ನಿಮಿಷ ನನ್ನ ಹರುಕು ಹಿಂದಿಯಲ್ಲಿ ಹೇಳಿದೆ. ಗೋದಾಮಿನ ಕಾವಲಿನ ವಿಷಯ ಅವನಿಗೇ ಹೊಳೆದಿರಲಿಲ್ಲ. "ಬಿಲ್ಕುಲ್ ಸಹೀ ಬೋಲಾ ಭಾಯಿ. ಖಲಾಸ್," ಎಂದು ಅವನು ಲೋಟ ಕೆಳಗಿಟ್ಟು ಹೊರಟ. ನಾನು ಅವನನ್ನು ಕೆಡವುವ ಭಾಗಕ್ಕೆ ಇನ್ನೂ ಬಂದೇ ಇರಲಿಲ್ಲ. ಉಳಿದವರು ನಡುವೆ ಬಾಯಿ ಹಾಕಬಾರದೆಂಬ ಶಿಸ್ತಿನಲ್ಲಿ ನನ್ನ ಮುಖ ನೋಡುತ್ತ ಕೂತಿದ್ದರು. ಭಾನುವಾರ ಮಂಚಗಳು ಬಂದವು, ಬಾಬಣ್ಣ ಹೋದರು.

ಈ ಕಥೆಯನ್ನು ನಾನು ಇಷ್ಟು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಇಲ್ಲಿನ ಕನ್ನಡಿಗರ ಕೂಟಗಳಲ್ಲಿ ಹೆಗಲಿಗೆ ಶಾಲು ಬಿದ್ದ ಕೂಡಲೇ ಹೇಳುವುದು ಇದನ್ನೇ. ಜನ ಹೊಟ್ಟೆ ಹಿಡಿದು ನಗುತ್ತಾರೆ. ಸಭೆಯಲ್ಲಿ ಬಾಬಣ್ಣ ಇದ್ದರೆ ಅವರೂ ನಗುತ್ತಾರೆ. ನಿಮಗೂ ನಗು ಬಂದಿದ್ದರೆ ಸಂತೋಷ. ಆದರೆ ಒಂದು ಸಣ್ಣ ವಿಷಯವನ್ನು ನಾನು ಯಾವ ವೇದಿಕೆಯಲ್ಲೂ ಹೇಳಿಲ್ಲ. ಕ್ಯಾಂಪ್ ಬಾಸ್ ಹಾಗೆ ಎದ್ದು ಹೋದದ್ದಲ್ಲ. ಬಾಗಿಲ ಬಳಿ ನಿಂತು, "ಔರ್ ಕುಛ್?", ಇನ್ನೇನಾದರೂ ಹೇಳುವುದಿದೆಯೇ, ಎಂದು ಕೇಳಿದ್ದ, ಒಂದಲ್ಲ, ಎರಡು ಸಲ. ನನ್ನ ಇಕಾಮಾ, ಅಂದರೆ ವಾಸದ ಪರವಾನಗಿಯ, ನವೀಕರಣದ ಕಾಗದ ಆ ವಾರ ಅವನ ಬ್ಯಾಗಿನಲ್ಲೇ ಇತ್ತು. ಅದಾದ ಮೇಲೆ ಹೆಂಡತಿಯ ವೀಸಾಕ್ಕೂ ಅವನೇ ಓಡಾಡಬೇಕಿತ್ತು. ನಾನು "ಬಸ್, ಔರ್ ಕುಛ್ ನಹೀಂ" ಎಂದೆ.

ಕಳೆದ ಶುಕ್ರವಾರ ನಮ್ಮಲ್ಲಿ ಊಟಕ್ಕೆ ಬಂದ ಬಾಬಣ್ಣ ಬಹಳ ಸೊರಗಿದ್ದರು. ಗೋದಾಮಿನ ಮೇಲಿನ ಆ ರೂಮಿನಲ್ಲಿ ಅವರು ಹನ್ನೊಂದು ವರ್ಷ ಕಳೆದಿದ್ದರು. ಬಸವರಾಜನೂ ಬಂದಿದ್ದ. ಕೋಳಿ ಸಾರು ಬಡಿಸುತ್ತಿದ್ದಂತೆ ಅವನು, "ಅದನ್ ಹೇಳ್ರಿ, ಅಣ್ಣಾರ ಹಾಲ್ ಉಳಿಸಾಕ ಹೋದ ಕಥಿ," ಎಂದ. ನಾನು ಬಿಡುತ್ತೇನೆಯೇ? ಶೆರಿಫ್, ಕುದುರೆ, ಗೋದಾಮಿನ ಕಾವಲು, ಎಲ್ಲ ಹೇಳಿದೆ. ಎಲ್ಲರೂ ನಕ್ಕರು. ಮಗಳು ಮಾತ್ರ ನಗಲಿಲ್ಲ. "ಬಟ್ ಪಪ್ಪಾ, ವಾಟ್ ವಾಸ್ ದ ಸೆಕೆಂಡ್ ಪಾರ್ಟ್?" ಎಂದಳು.

ಇಷ್ಟು ವರ್ಷಗಳಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಸಾರು ತಣ್ಣಗಾಗುತ್ತದೆ ಎಂದೆ.

"ಹುಡುಗಿ ಕೇಳ್ತಾ ಉಂಟಲ್ಲ," ಎಂದರು ಬಾಬಣ್ಣ, ತಟ್ಟೆಯಿಂದ ತಲೆ ಎತ್ತದೆ. "ಹೇಳು ಮಾರಾಯ. ಈಗ ಎಂತ ಹೆದರಿಕೆ?"

ನಾನು ಹೆದರಿ ಬಾಯಿ ಮುಚ್ಚಿದ್ದು ಅವರಿಗೆ ಅಂದಿನಿಂದಲೂ ಗೊತ್ತಿತ್ತು. "ರೂಮಿಗೆ ಒಂದೊಂದು ಮಂಚ ಹಾಕಿ ಸಾರ್," ಎಂದೆ. "ಬಾಬಣ್ಣ ನಮ್ಮ ಜೊತೆಗೇ ಇರಲಿ."

ಬಾಬಣ್ಣ ಅನ್ನಕ್ಕೆ ಇನ್ನೊಂದು ಸೌಟು ಸಾರು ಹಾಕಿಕೊಂಡರು.

"ಹೇಳ್ಲಿಕ್ಕೆ ಸಣ್ಣದೇ ಇತ್ತಲ್ಲ ಮಾರಾಯ," ಎಂದರು.