ಹುಲ್ಲಿನ ಬೆಂಕಿಗೆ ಹಿಡಿದ ಗಿಟಾರು

ಆ ಗಿಟಾರನ್ನು ಕೆಡಿಸಿದವಳು ನಾನು. ನಿಮ್ಮ ಅಂಟು ತಾನಾಗಿ ಬಿಟ್ಟಿರಲಿಲ್ಲ, ನಿಮ್ಮ ಕೈ ತಪ್ಪಿರಲಿಲ್ಲ — ನಾನು ಅದನ್ನು ಬೆಂಕಿಗೆ ಹಿಡಿದಿದ್ದೆ. ಹನ್ನೊಂದು ವರ್ಷ ನಿಮ್ಮ ಜೊತೆ ಒಂದೇ ಸೂರಿನ ಕೆಳಗೆ ಬಾಳಿದೆ. ಎಷ್ಟೋ ಮಾತಾಡಿದೆ, ಜಗಳವಾಡಿದೆ. ಇದೊಂದನ್ನು ಮಾತ್ರ ಹೇಳಲಿಲ್ಲ. ಕಾಮಾಲೆ ಬಂದು ನೀವು ಹೋಗಿ ಎರಡು ತಿಂಗಳಾಯಿತು. ಈಗ ಬರೆಯುತ್ತಿದ್ದೇನೆ — ಕೇಳಬೇಕಾದವರು ಇಲ್ಲದಿರುವಾಗ.

ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ನಮ್ಮ ಮಗಳು ಇದನ್ನು ಓದಬೇಕು, ಅವಳಿಗೆ ಏನೂ ಗೊತ್ತಿಲ್ಲ.

ನಮ್ಮ ಮದುವೆಯಾದ ಮೊದಲ ವರ್ಷ ಅದು. ಹಾಸನದಲ್ಲಿ ಶಾಲೆಯ ಬೆಂಚುಗಳನ್ನು ಮಾಡುವ ಶೆಡ್ಡಿನಲ್ಲಿ ನೀವು ಹಲಗೆ ಹೊರುತ್ತಿದ್ದಿರಿ, ಹೊಟ್ಟು ಗುಡಿಸುತ್ತಿದ್ದಿರಿ. ನೋಡಿ ನೋಡಿಯೇ ಎಲ್ಲ ಕೆಲಸ ಕಲಿತಿದ್ದಿರಿ, ಆದರೆ ಮೇಸ್ತ್ರಿ ನಿಮ್ಮ ಕೈಗೆ ಉಳಿ ಕೊಟ್ಟವರಲ್ಲ. ಒಂದು ದಿನ ರೈಲಿನ ಗಾರ್ಡ್ ಸಾಹೇಬರು ಒಡೆದ ಗಿಟಾರೊಂದನ್ನು ಅಲ್ಲಿಗೆ ತಂದರು. ಪ್ಲಾಟ್‌ಫಾರಂ ಮೇಲೆ ಬಿದ್ದು ಅದರ ಎದೆಹಲಗೆ ಸೀಳಿತ್ತು. ತಂತಿಗಳನ್ನು ಹಿಡಿದುಕೊಳ್ಳುವ ಮರದ ಪಟ್ಟಿ — ವೀಣೆಯವರು ಅದಕ್ಕೆ ಕುದುರೆ ಎನ್ನುತ್ತಾರಂತೆ — ಕಿತ್ತು ಬಂದಿತ್ತು.

"ಇದು ನಮ್ ಕೆಲ್ಸ ಅಲ್ಲ ಸಾ. ಒಲೆಗಾಕಿ, ಚೆನ್ನಾಗ್ ಉರೀತದೆ," ಅಂದರಂತೆ ಮೇಸ್ತ್ರಿ.

ನೀವು ಹಿಂದಿನಿಂದ, "ನಾನೊಂದ್ ಕೈ ನೋಡ್ಲಾ ಸಾ?" ಅಂದಿರಂತೆ.

"ಕೇಳುದ್ರೇನ್ರಲಾ! ಪುಟ್ಟಯ್ಯ ವಾದ್ಯ ರಿಪೇರಿ ಮಾಡ್ತಾನಂತೆ! ನಾಳೀಕೆ ರೈಲೇ ರಿಪೇರಿ ಮಾಡ್ತೀನಿ ಅಂತಾನೆ!" ಎಂದು ಮೇಸ್ತ್ರಿ ಕೂಗಿದರಂತೆ. ಶೆಡ್ಡೆಲ್ಲ ನಕ್ಕಿತಂತೆ.

ಗಾರ್ಡ್ ಸಾಹೇಬರು ಮಾತ್ರ ನಗಲಿಲ್ಲ. ಮೈಸೂರಿನಲ್ಲಿ ಪಿಟೀಲು, ವೀಣೆ ಮಾಡುವವರೊಬ್ಬರು ಅವರಿಗೆ ಪರಿಚಯ. "ನೀನು ಒಳ್ಳೇದು ಮಾಡ್ತು ಅಂದ್ರೆ ಅಲ್ಲಿ ಕೆಲ್ಸಕ್ಕೆ ನಾನು ಲೆಟರ್ ಕೊಡ್ತು ಮ್ಯಾನ್," ಎಂದು ತಮ್ಮ ಇಂಗ್ಲಿಷ್ ಬೆರೆತ ಹರುಕು ಕನ್ನಡದಲ್ಲಿ ಅಂದರಂತೆ.

ಅಂದು ನೀವು ಮನೆಗೆ ನಡೆದು ಬರಲಿಲ್ಲ, ಓಡಿ ಬಂದಿರಿ! ಗಿಟಾರನ್ನು ಎದೆಗೆ ಅಪ್ಪಿಕೊಂಡು, ಬಾಗಿಲಿನಲ್ಲೇ, "ನಿಂಗೀ, ಚಾಪೆ ಆಸೇ! ಬಿರ್‍ರನೆ ಆಸೇ!" ಅಂದಿರಿ. ಯಾರೋ ನೆಂಟರು ಬಂದರೆಂದು ನಾನು ಹೊಸ ಚಾಪೆಯನ್ನೇ ಹಾಸಿದೆ.

ಆ ಒಂದು ವಾರ! ಅಂಥ ವಾರ ನನ್ನ ಬದುಕಿನಲ್ಲಿ ಮತ್ತೆ ಬರಲಿಲ್ಲ. ನೀವು ಶೆಡ್ಡಿನಿಂದ ಬರುವುದನ್ನೇ ಕಾಯುತ್ತಿದ್ದೆ. ಬಂದ ಕೂಡಲೇ ಕಾಲು ತೊಳೆದು ಗಿಟಾರಿನ ಮುಂದೆ ಕೂರುತ್ತಿದ್ದೆವು. ಬೆರಳಿನಿಂದ ಮೆಲ್ಲಗೆ ತಟ್ಟಿ ಕೇಳುತ್ತಿದ್ದಿರಿ. ಒಂದು ಕಡೆ ಗಟ್ಟಿ ಸದ್ದು, ಇನ್ನೊಂದು ಕಡೆ ಗೊರಗೊರ. ಒಳಗೆ ಏನೋ ಸಡಿಲವಾಗಿದೆ ಎಂದಿರಿ. ನಡುವಿನ ತೂತಿನಲ್ಲಿ ನಿಮ್ಮ ಕೈ ಹಿಡಿಸಲಿಲ್ಲ. ನನ್ನ ಕೈ ಹಿಡಿಸುತ್ತಿತ್ತು, ಬಳೆ ಅಡ್ಡ ಬಂದವು. ಸೋಪು ಹಚ್ಚಿ ಬಳೆ ಕಳಚತೊಡಗಿದೆ.

ಅತ್ತೆ ಒಳಗಿನಿಂದ ಕಂಡುಬಿಟ್ಟರು. "ಅಯ್ಯೋ ಯೇನೇ ನಿಂಗೀ! ಗಂಡ ಎದುರ್ಗೇ ಕುಂತವ್ನೆ, ಬಳೆ ತಗೀತೀಯಾ?"

"ಎದುರ್ಗೇ ಕುಂತಿವ್ನಲ್ಲವ್ವಾ, ಸಾಯೋನಂಗ್ ಕಾಣ್ತೀನಾ?" ಎಂದು ನೀವು ನಕ್ಕಿರಿ. ನಾನೂ ನಕ್ಕೆ...

ಕೈ ಒಳಗೆ ಹಾಕಿದೆ. ಕತ್ತಲಲ್ಲಿ ತಡಕಿದ ಹಾಗೆ. ಪಕ್ಕೆಲುಬಿನಂಥ ಒಂದು ಮರದ ಪಟ್ಟಿ ಬೆರಳಿಗೆ ಸಿಕ್ಕಿ ಅಲುಗಾಡಿತು. "ಸಿಕ್ತು!" ಎಂದು ಕೂಗಿದೆ. ನೀವೂ ಕೂಗಿದಿರಿ. ನಾನು ಒಳಗಿನಿಂದ ಹಿಡಿದೆ, ನೀವು ಹೊರಗಿನಿಂದ ಎಲ್ಲಿ ಒತ್ತಬೇಕೆಂದು ಹೇಳಿದಿರಿ. ಕಾಗದದಷ್ಟು ತೆಳುವಾದ ಹಲಸಿನ ಮರದ ಚಕ್ಕೆಗಳನ್ನು ಹೆರೆದು ಕೊಟ್ಟಿರಿ, ನಾನು ಸೀಳಿನ ಒಳಬದಿಗೆ ಒಂದೊಂದಾಗಿ ಅಂಟಿಸಿದೆ. ಬಡಗಿಗಳು ಬಳಸುವ, ಚರ್ಮದಿಂದ ಮಾಡಿದ ಸರೇಸು ಅಂಟನ್ನು ನೆನೆಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟು ಕರಗಿಸುತ್ತಿದ್ದಿರಿ. "ಕುದಿಸ್ಬಾರ್ದು ಕಣೆ, ಬಿಸಿ ತಾಕುದ್ರೆ ಸಾಕು, ತಾನೇ ಕರಗ್ತದೆ," ಎಂದು ಹೇಳಿಕೊಟ್ಟಿರಿ. ಚರ್ಮದ ವಾಸನೆ ಮನೆ ತುಂಬಿತ್ತು. ಕೊನೆಗೆ ಕುದುರೆಯನ್ನು ಅದರ ಜಾಗದಲ್ಲಿ ಕೂರಿಸಿದಿರಿ. ಬಿಗಿದು ಹಿಡಿಯುವ ಸಾಮಾನು ನಮ್ಮಲ್ಲಿ ಎಲ್ಲಿತ್ತು? ನೀವು ಸುತ್ತ ನೋಡಿ, ರಾಗಿಯ ಚೀಲವನ್ನು ತಂದು ಅದರ ಮೇಲೆ ಮೆಲ್ಲಗೆ ಒರಗಿಸಿದಿರಿ. ಕಲ್ಲಿಟ್ಟರೆ ಒಂದೇ ಕಡೆ ಭಾರ ಬೀಳುತ್ತದೆ, ರಾಗಿ ಹಲಗೆಯ ಉಬ್ಬಿಗೆ ತಕ್ಕಂತೆ ಕೂರುತ್ತದೆ ಎಂದಿರಿ. ಇದನ್ನು ನಿಮಗೆ ಯಾರೂ ಕಲಿಸಿರಲಿಲ್ಲ. ನನ್ನ ಗಂಡ ಇಂಥವನು ಎಂದು ನನಗೆ ಅವತ್ತು ಗೊತ್ತಾಯಿತು.

ಎರಡು ದಿನ ಆ ಚೀಲ ಅಲುಗಲಿಲ್ಲ. ಅತ್ತೆ ಹಿಟ್ಟು ಮಾಡಲು ರಾಗಿ ಕೇಳಿದರೂ ನೀವು ಕೊಡಲಿಲ್ಲ.

ಭಾನುವಾರ ಬೆಳಿಗ್ಗೆ ಚೀಲ ತೆಗೆದಿರಿ. ಕುದುರೆಯನ್ನು ಹೆಬ್ಬೆರಳಿನಿಂದ ನೂಕಿದಿರಿ — ಕಲ್ಲಿನಂತೆ ನಿಂತಿತ್ತು. ಸಾಹೇಬರು ಕೊಟ್ಟಿದ್ದ ಹೊಸ ತಂತಿಗಳನ್ನು ಅರ್ಧ ಬಿಗಿದು, "ಪೂರ್ತಿ ಬಿಗಿಯಾದು ಅವ್ರಿಗೇ ಗೊತ್ತು, ಕರ್ಕೊಂಡ್ ಬತ್ತೀನಿ," ಎಂದು ರೈಲ್ವೆ ಕ್ವಾರ್ಟರ್ಸಿಗೆ ಹೊರಟಿರಿ. ಅತ್ತೆ ಹೊಳೆನರಸೀಪುರಕ್ಕೆ ಮಗಳ ಮನೆಗೆ ಹೋಗಿದ್ದರು.

ನಾನು ಒಬ್ಬಳೇ ಇದ್ದೆ. ತಂತಿ ಮೀಟಿದೆ. ಸದ್ದು ಮಂಕಾಗಿತ್ತು. ಮೂರು ದಿನದಿಂದ ಜಡಿಮಳೆ, ಗೋಡೆಯೆಲ್ಲ ತಣ್ಣಗಿತ್ತು. ಅರ್ಧ ಬಿಗಿದ ತಂತಿ ಹಾಗೆಯೇ ನುಡಿಯುತ್ತದೆಂದು ನನಗೆಲ್ಲಿ ಗೊತ್ತು? ನನಗೆ ಗೊತ್ತಿದ್ದದ್ದು ತಮಟೆ. ಹಿರೀಸಾವೆಯ ನನ್ನ ಅಪ್ಪ ತಮಟೆ ಬಡಿಯುವವನು. ಥಂಡಿಗೆ ತಮಟೆ ಮಂಕಾದರೆ ಹುಲ್ಲು ಹೊತ್ತಿಸಿ ಬೆಂಕಿಗೆ ಹಿಡಿಯುತ್ತಿದ್ದ. ಚರ್ಮ ಬಿಗಿದು ಊರಿಗೆಲ್ಲ ಕೇಳುವಂತೆ ನುಡಿಯುತ್ತಿತ್ತು. ಸಾಹೇಬರು ಬರುವಷ್ಟರಲ್ಲಿ ಇದನ್ನೂ ಹಾಗೆ ನುಡಿಸಿಬಿಡುತ್ತೇನೆ, ನೀವು ಬೆರಗಾಗಬೇಕು — ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಹಿತ್ತಲಿನ ಮಾಡಿನ ಕೆಳಗೆ ಹುಲ್ಲು ಹೊತ್ತಿಸಿದೆ. ಗಿಟಾರಿನ ಎದೆಯನ್ನು ಬೆಂಕಿಗೆ ತೋರಿಸುತ್ತ, ತಿರುಗಿಸುತ್ತ, ಕೈಯಿಂದ ಮುಟ್ಟಿ ನೋಡುತ್ತ ಕಾಯಿಸಿದೆ. ಬಿಸಿಗೆ ಸರೇಸು ಕರಗುವುದನ್ನು ವಾರವೆಲ್ಲ ಕಣ್ಣಾರೆ ಕಂಡವಳು ನಾನು. ಆ ಗಳಿಗೆಯಲ್ಲಿ ಅದು ನೆನಪಿಗೇ ಬರಲಿಲ್ಲ. ಮತ್ತೆ ಮೀಟಿದೆ. ನುಡಿಯಿತು! ನನಗೆ ಹಾಗೆ ಕೇಳಿಸಿತು. ಕುಣಿಯುವುದೊಂದು ಬಾಕಿ.

ಸ್ವಲ್ಪ ಹೊತ್ತಿಗೆ ನೀವಿಬ್ಬರೂ ಬಂದಿರಿ. ಸಾಹೇಬರು ಚಾಪೆಯ ಮೇಲೆ ಕೂತು ಸೀಳಿದ ಜಾಗ ಹುಡುಕಿದರು, ಕಾಣಲಿಲ್ಲ. "ಎಲ್ಲಿ ಹೋಯ್ತು ಮ್ಯಾನ್?" ಎಂದು ನಕ್ಕರು. ನಿಮ್ಮ ಮುಖ ನೋಡಬೇಕಿತ್ತು. ಅವರು ತಂತಿ ಬಿಗಿಯತೊಡಗಿದರು. ಒಂದು, ಎರಡು, ಮೂರು... ಕುದುರೆ ಮೆಲ್ಲಗೆ ಜರುಗಿತು. ಆಮೇಲೆ ಚಟ್ ಎಂದು ಹಾರಿ ನಿಮ್ಮ ಮಂಡಿಯ ಹತ್ತಿರ ಬಿತ್ತು.

"ಪರ್ವಾಗಿಲ್ಲ ಮ್ಯಾನ್, ನೀನು ಟ್ರೈ ಮಾಡ್ತು," ಎಂದು ಅವರು ಗಿಟಾರು ಎತ್ತಿಕೊಂಡು ಹೋದರು. ಲೆಟರಿನ ಮಾತು ಅವರೂ ಆಡಲಿಲ್ಲ, ನೀವೂ ಕೇಳಲಿಲ್ಲ.

ನೀವು ಕೂತೇ ಇದ್ದಿರಿ. ಆಮೇಲೆ, "ನನ್ ಕೈಲಿ ಆಗಾಕಿಲ್ಲ ಕಣೆ. ಮೇಸ್ತ್ರಿ ಅಂದಿದ್ದೇ ಸರಿ," ಅಂದಿರಿ.

ಆಗ ಹೇಳಬೇಕಿತ್ತು. ಬಾಯಿ ತೆರೆದೆ — ನಿಜವಾಗಿ ತೆರೆದೆ. "ಏಳಿ, ಉಣ್ಣೋರಂತೆ," ಅಂದೆ.

ನೀವು ಬೈದು ಹೊಡೆಯುವವರಾಗಿದ್ದರೆ ಹೆದರಿ ಹೇಳಲಿಲ್ಲ ಎನ್ನಬಹುದಿತ್ತು. ನೀವು ಅಂಥವರಲ್ಲ. ಆ ವಾರ ನೀವು ನನ್ನನ್ನು ನೋಡಿದ ರೀತಿ — ಅದು ಹೋಗಿಬಿಡುತ್ತದೆಂದು ಸುಮ್ಮನಾದೆ. ಅದನ್ನು ಉಳಿಸಿಕೊಳ್ಳಲು ನಿಮ್ಮ ಕೈಯ ಮೇಲೆ ನಿಮಗಿದ್ದ ನಂಬಿಕೆಯನ್ನು ಕೊಟ್ಟುಬಿಟ್ಟೆ.

ಇನ್ನೊಂದು ಸಲವೂ ಅವಕಾಶ ಬಂದಿತ್ತು. ಅರಕಲಗೂಡಿನ ಶಾಲೆಗೆ ಬೆಂಚು ಇಳಿಸಲು ಹೋದಾಗ ನಾನೂ ಜೊತೆಗಿದ್ದೆ. ಅಲ್ಲಿಯ ಮೇಷ್ಟ್ರು ಅಂಚು ಬಿಟ್ಟ ಪಿಟೀಲೊಂದನ್ನು ತಂದು, ಅಂಟಿಸಿಕೊಡುತ್ತೀರಾ ಎಂದು ಕೇಳಿದರು. ನೀವು ಅದನ್ನು ಮುಟ್ಟಲೂ ಇಲ್ಲ. ಕೈ ಮುಗಿದು, "ನನ್ ಅಂಟು ನಿಲ್ಲಾಕಿಲ್ಲ ಸಾ," ಅಂದಿರಿ. ನಾನು ಅಲ್ಲೇ ನಿಂತಿದ್ದೆ. ಗಾಡಿಯ ಹಗ್ಗ ಸುತ್ತುತ್ತಿದ್ದೆ.

ನಿಮ್ಮ ತಿಥಿಗೆ ಮೇಸ್ತ್ರಿ ಬಂದಿದ್ದರು. ನಮ್ಮ ಮನೆಯಲ್ಲಿ ಅವರು ಉಣ್ಣುವುದಿಲ್ಲ, ಅಂಗಳದಲ್ಲೇ ನಿಂತು ಎಲೆ ಅಡಿಕೆ ತೆಗೆದುಕೊಂಡರು. "ಚಿನ್ನದಂತ ಮನ್ಸ ಪುಟ್ಟಯ್ಯ. ಕೈಕೆಲ್ಸ ಅತ್ಲಿಲ್ಲ, ಅಷ್ಟೇಯ," ಅಂದರು. ತಟ್ಟೆ ಹಿಡಿದು ನಿಂತಿದ್ದ ನಾನು ತಲೆ ತಗ್ಗಿಸಿದೆ. ಅವರು ಹೋದ ಮೇಲೆ ಮಗಳು ಕೇಳಿದಳು: "ಅಪ್ಪಂಗೆ ಕೆಲ್ಸ ಬತ್ತಿರ್ಲಿಲ್ವೇನವ್ವಾ?"

"ಓಗು, ನೀರ್ ತತ್ತಾ," ಅಂದೆ ಅವಳಿಗೆ. ನೀವು ಸತ್ತ ಮೇಲೂ ಹೀಗೆಯೇ ಮಾಡಿದೆ.

ಇಂದು ಅವಳು ಶಾಲೆಯಿಂದ ಬಂದ ಕೂಡಲೇ ಇದನ್ನು ಅವಳ ಕೈಗೆ ಕೊಡುತ್ತೇನೆ. ಓದಿ ಅವಳು ನನ್ನನ್ನು ಏನಾದರೂ ಅನ್ನಲಿ. ನಾಳೆ ಶೆಡ್ಡಿನಲ್ಲಿ ಎಲ್ಲರೂ ಇರುವ ಹೊತ್ತಿಗೆ ಅವಳನ್ನು ಕರೆದುಕೊಂಡು ಹೋಗಿ, ಮೇಸ್ತ್ರಿಯ ಎದುರು ನಿಂತು, ನಿಮ್ಮ ಅಂಟು ಹಿಡಿದಿತ್ತು ಎಂದು ಹೇಳುತ್ತೇನೆ. ಅವರು ನಕ್ಕರೆ ಇನ್ನೊಂದು ಸಲ ಹೇಳುತ್ತೇನೆ.