ಗೆದ್ದಲಿಗೆ ಔಷಧ ಹೊಡೆಸುವ ಮುನ್ನ

ಕಾರವಾರದ ನಮ್ಮ ಮನೆಗೆ ಗೆದ್ದಲು ಹತ್ತಿದೆ ಎಂಬುದು ಮೊದಲು ಗೊತ್ತಾದದ್ದು ಅತ್ತೆಗೆ. ಹಿಂದಿನ ಕೋಣೆಯ ಕಿಟಕಿ ಒರೆಸುತ್ತಿದ್ದವರು ಚೌಕಟ್ಟನ್ನು ಬೆರಳಿನಿಂದ ಸ್ವಲ್ಪ ಒತ್ತಿದ್ದಾರೆ, ಅಷ್ಟಕ್ಕೇ ಅದು ಹಪ್ಪಳದ ಹಾಗೆ ಮುರಿದು ಒಳಗೆ ಕುಸಿದಿದೆ.

"ಏ ಮಗಾ, ಇಲ್ ಬಾ. ಒರ್ಲೆ ಹಿಡದದೆ ನೋಡು. ಬಣ್ಣ ಒಂದೇ ಉಳದದೆ, ಮರ ಪೂರಾ ತಿಂದ್ ಮುಗ್ಸದೆ," ಎಂದು ನನ್ನನ್ನು ಕೂಗಿದರು.

ಅತ್ತೆ ಅಂಕೋಲೆ ಬದಿಯ ಕೇಣಿಯವರು. ಮಾವ ಇದ್ದಾಗಿನಿಂದಲೂ ನಮ್ಮ ಜೊತೆಗೇ ಇದ್ದಾರೆ. ಅವರಿಗೆ ದಮ್ಮಿನ ತೊಂದರೆ. ಪಕ್ಕದಲ್ಲಿ ಯಾರಾದರೂ ಅಗರಬತ್ತಿ ಹಚ್ಚಿದರೂ ಕೆಮ್ಮು ಶುರುವಾಗುತ್ತದೆ. ಹಾಗಾಗಿ ಮನೆಗೆ ಔಷಧ ಹೊಡೆಸುವುದೆಂದರೆ ನನಗೆ ಮೊದಲಿನಿಂದಲೂ ಅಳುಕು. ಅರ್ಗಾದ ನೌಕಾನೆಲೆಯಲ್ಲಿ ಕೆಲಸ ಮಾಡುವ ನನ್ನ ಗಂಡನಿಗೆ ಅಂಥ ಅಳುಕೇನೂ ಇರಲಿಲ್ಲ. ಸಹೋದ್ಯೋಗಿಯೊಬ್ಬರು ಹೇಳಿದ ಪೆಸ್ಟ್ ಕಂಟ್ರೋಲ್‌ನವರನ್ನು ಮರುದಿನವೇ ಕರೆಸಿದರು.

ಬಂದಾತ ಚುರುಕಾಗಿದ್ದ. ಕಿಟಕಿಯನ್ನು ತಟ್ಟಿ ನೋಡಿ, "ಮನೆ ಸುತ್ತ ಡ್ರಿಲ್ ಹೊಡದು ಔಷಧ ಬಿಡ್ತೇವೆ ಮೇಡಂ. ಹತ್ತು ವರ್ಷ ಗ್ಯಾರಂಟಿ. ಒರ್ಲೆ ಈ ಕಡೆ ತಲೆ ಹಾಕೂದಿಲ್ಲ," ಎಂದ.

"ಯಾವ ಔಷಧ?" ಎಂದೆ.

"ವಾಸನೆ ಬರದಿದ್ದದ್ದು. ಒಳ್ಳೇ ಕ್ವಾಲಿಟಿ."

"ಅದರ ಹೆಸರು?"

"ಹೆಸ್ರು ತಗಂಡು ನೀವೆಂತ ಮಾಡ್ತ್ರಿ?" ಎಂದು ಆತ ನಕ್ಕ. ಹಿತ್ತಲಲ್ಲಿ ಬಾವಿಯಿದೆ ಎಂದದ್ದಕ್ಕೆ, "ಬಾವಿಗೆ ಎಂತದೂ ಆಗೂದಿಲ್ಲ," ಎಂದ. ಹಿತ್ತಲಿಗೆ ಹೋಗಿ ನೋಡಿರಲೇ ಇಲ್ಲ.

ನಮ್ಮದು ಎರಡು ಮನೆಯ ಬಾವಿ. ಅರ್ಧ ನಮ್ಮ ಕಡೆ, ಅರ್ಧ ಪಕ್ಕದ ಮನೆಯ ಕಡೆ. ನಡುವಿನ ಕಾಂಪೌಂಡ್ ಗೋಡೆ ಬಾವಿಯ ಮೇಲೆಯೇ ಹಾದುಹೋಗಿದೆ. ನಳದ ನೀರು ಬರುತ್ತದಾದರೂ ಅದರಲ್ಲಿ ಮಾಡಿದ ಚಹಾ ಅತ್ತೆಯ ಬಾಯಿಗೆ ಹಿಡಿಸುವುದಿಲ್ಲ. ಕುಡಿಯಲಿಕ್ಕೂ ಅಡುಗೆಗೂ ಬಾವಿಯ ನೀರೇ ಆಗಬೇಕು.

ಇನ್ನೊಬ್ಬರನ್ನು ಕೇಳಿ ನೋಡೋಣ ಎಂದಾಗ ಗಂಡನಿಗೆ ರೇಗಿತು. "ಎಲ್ಲರೂ ಮಾಡ್ಸಕಂಡವ್ರೇ. ನಿನ್ಗೆ ಎಲ್ಲದ್ಕೂ ಒಂದು ಪ್ರಶ್ನೆಪತ್ರಿಕೆ," ಎಂದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಈ ಮಾತು ನನಗೆ ಹೊಸತಲ್ಲ.

ಎರಡನೆಯವರು ಅಂಕೋಲೆಯಿಂದ ಬಂದರು. ನಲವತ್ತರ ಆಸುಪಾಸಿನ ಹೆಂಗಸು, ಈ ಕೆಲಸದ ಸಣ್ಣ ಕಂಪನಿಯೊಂದನ್ನು ನಡೆಸುತ್ತಿದ್ದರು. ಗೆದ್ದಲನ್ನು ನೋಡುವ ಮೊದಲು ಮನೆಯಲ್ಲಿ ಯಾರ್ಯಾರಿದ್ದೀರಿ, ಉಸಿರಾಟದ ತೊಂದರೆ ಯಾರಿಗಾದರೂ ಇದೆಯೇ, ಕುಡಿಯುವ ನೀರು ಎಲ್ಲಿಯದು ಎಂದು ಕೇಳಿದರು. ಔಷಧದ ಲೇಬಲ್ಲು, ಲೈಸೆನ್ಸು ಎರಡನ್ನೂ ನಾನು ಕೇಳುವ ಮೊದಲೇ ಮೇಜಿನ ಮೇಲಿಟ್ಟರು. ಆಮೇಲೆ ಹಿತ್ತಲಿಗೆ ಹೋಗಿ, ಬಾವಿಗೂ ಮನೆಯ ಹಿಂದಿನ ಗೋಡೆಗೂ ಇರುವ ಅಂತರ ನೋಡಿ ಬೇಡವೆಂಬಂತೆ ತಲೆಯಾಡಿಸಿದರು.

"ಬಾವಿ ತೀರಾ ಹತ್ರ ಆಯ್ತು, ಈ ಬದಿಗೆ ನಾವು ಡ್ರಿಲ್ ಹೊಡೂದಿಲ್ಲ. ಮುಂದಿನ ಬದಿಗೆ ಮಾಡ್ಕೊಡ್ತೇವೆ. ಇಲ್ಲಿ ಹಾಳಾದ ಚೌಕಟ್ಟು ಕಿತ್ತು ಬೇರೆ ಹಾಕ್ಸಿ. ಆದ್ರೆ ಈ ಬದಿಗೆ ಗ್ಯಾರಂಟಿ ಕೊಡೂಕೆ ಆಗೂದಿಲ್ಲ, ಅದನ್ನ ಈಗ್ಲೇ ಹೇಳ್ತೇನೆ," ಎಂದರು. ಹೊರಡುವಾಗ ಚಪ್ಪಲಿ ಮೆಟ್ಟುತ್ತ, "ಆಚೆ ಮನೆಯವ್ರಿಗೆ ಹೇಳಿದ್ರಾ? ಬಾವಿ ಅವರದೂ ಅಲ್ವಾ?" ಎಂದು ಕೇಳಿದರು.

ಹೇಳಿರಲಿಲ್ಲ. ಗೆದ್ದಲು ನಮ್ಮದು, ಮನೆ ನಮ್ಮದು ಎಂದಷ್ಟೇ ಯೋಚಿಸಿದ್ದೆವು.

ಪಕ್ಕದ ಮನೆಯಲ್ಲಿರುವ ಹಿರಿಯ ಹೆಂಗಸನ್ನು ನಾವು ಮಾವಶಿ ಎಂದೇ ಕರೆಯುವುದು. ಹಣಕೋಣದವರು, ಮನೆಮಾತು ಕೊಂಕಣಿ; ಅದರಲ್ಲಿ ಮಾವಶಿ ಎಂದರೆ ಚಿಕ್ಕಮ್ಮ. ಮೊದಲೆಲ್ಲ ಬಾವಿಯ ಆಚೆ ಅವರು, ಈಚೆ ಅತ್ತೆ ನೀರು ಸೇದುತ್ತ ಬೆಳಗಿನ ಮಾತೆಲ್ಲ ಅಲ್ಲೇ ಮುಗಿಸುತ್ತಿದ್ದರು. ಆ ವರ್ಷ ಮಳೆಗಾಲ ಶುರುವಾಗುವುದಕ್ಕೂ ಮೊದಲಿನಿಂದ ಮಾವಶಿ ನೀರು ಸೇದಲು ಬರುವುದನ್ನೇ ಬಿಟ್ಟಿದ್ದರು. ಮೀನು ತೊಳೆದ ನೀರಿನ ವಿಷಯಕ್ಕೆ ಅತ್ತೆ ಒಮ್ಮೆ ಏನೋ ಅಂದಿದ್ದರು. ಅದಕ್ಕೇ ಮುನಿಸು ಎಂದು ನಾವು ತಿಳಿದಿದ್ದೆವು.

ಆ ಸಂಜೆ ಅವರ ಮನೆಗೆ ಹೋಗಿ, ಗೆದ್ದಲಿಗೆ ಔಷಧ ಹೊಡೆಸುವವರಿದ್ದೇವೆ, ಬಾವಿ ಇಬ್ಬರದೂ ಆದ್ದರಿಂದ ನಿಮ್ಮನ್ನು ಕೇಳಲು ಬಂದೆ ಎಂದೆ. ಮಾವಶಿಯ ಮುಖ ಬಾಡಿತು.

"ಅಕ್ಕೋರೆ, ಸ್ವಲ್ಪ ಕೂತ್ಕೊಳ್ಳಿ," ಎಂದರು. ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವುದು ಹಾಗೆಯೇ. "ನಾವೂ ಮಳೆಗಾಲದ ಮೊದ್ಲೇ ಔಷಧ ಹೊಡ್ಸಿದ್ವು. ಬಾವಿಗೆ ಎಂತದೂ ಆಗೂದಿಲ್ಲ ಅಂದ್ರು ಹೊಡೂಕೆ ಬಂದವ್ರು. ಆಮೇಲೆ ನೀರು ಎಂತದೋ ವಾಸನೆ ಬಂದ ಹಾಗೆ ಆಯ್ತು ನನ್ಗೆ. ಮಗ ಹೇಳ್ದ, ಅದು ನಿನ್ನ ಭ್ರಮೆ ಅಂತ. ಆದ್ರೂ ನಾವು ಕುಡಿಯೂದು ಬಿಟ್ವು."

"ನಮಗೆ ಒಂದು ಮಾತು ಹೇಳಬಹುದಿತ್ತಲ್ಲ ಮಾವಶಿ?"

"ಹೇಳ್ಬೇಕು ಅಂತ ಗೋಡೆ ಹತ್ರ ಬರ್ತಿದ್ದೆ. ನಿಮ್ಮತ್ತೆ ಕೊಡಪಾನ ಇಳಿಸೂದು ನೋಡಿ ಬಾಯಿಂದ ಮಾತೇ ಹೊರಡ್ತಿರ್ಲಿಲ್ಲ. ಇವತ್ತು ಹೇಳಿದ್ರೆ, ನಿನ್ನೆ ಯಾಕೆ ಹೇಳ್ಲಿಲ್ಲ ಅಂತ ಕೇಳ್ತೀರಿ. ದಿನ ಹೋದ ಹಾಗೆ ಇನ್ನೂ ಕಷ್ಟ ಆಯ್ತು."

ಎದ್ದು ಮನೆಗೆ ಬಂದೆ. ವಿಷಯ ಕೇಳಿದ ಗಂಡ ಹೋಗಿ ಬಾವಿಯ ಹಗ್ಗ, ಕೊಡ ಎರಡನ್ನೂ ತಂದು ಒಳಗಿಟ್ಟರು. ಹತ್ತು ವರ್ಷದ ಗ್ಯಾರಂಟಿಯ ಮಾತು ಆಮೇಲೆ ಅವರ ಬಾಯಲ್ಲಿ ಬರಲಿಲ್ಲ. ಅತ್ತೆ, "ಅವ್ಳೂ ಹೆದ್ರಕಂಡೇ ದಿನ ತೆಗ್ದಿರ್ಬೇಕು ಪಾಪ," ಎಂದರು. ಹಿಂದೆಯೇ, "ಆದ್ರೂ ಹೇಳ್ಬೇಕಿತ್ತು," ಎಂದರು. ಆ ಎರಡು ಮಾತುಗಳ ನಡುವೆಯೇ ನನ್ನ ಮನಸ್ಸೂ ಹೊಯ್ದಾಡುತ್ತಿತ್ತು. ಆ ವರ್ಷ ಅತ್ತೆಯ ದಮ್ಮು ಹೆಚ್ಚಾಗಿತ್ತು. ಅದು ಈ ನೀರಿನಿಂದಲೇ ಇರಬಹುದೇ ಎಂಬ ಯೋಚನೆ ಪಾಠ ಮಾಡುವಾಗಲೂ ಬಿಡುತ್ತಿರಲಿಲ್ಲ.

ಅಂಕೋಲೆಯ ಹೆಂಗಸಿಗೆ ಫೋನ್ ಮಾಡಿದೆ. ಅವರು ಅದು ಯಾರ ತಪ್ಪು ಎಂದು ಕೇಳಲಿಲ್ಲ. ನೀರನ್ನು ಪರೀಕ್ಷೆಗೆ ಕಳಿಸಬೇಕು, ಕೀಟನಾಶಕದ ಪರೀಕ್ಷೆ ಎಂದು ಲ್ಯಾಬಿನವರಿಗೆ ಬಿಡಿಸಿ ಹೇಳಬೇಕು, ಅದನ್ನು ಎಲ್ಲ ಕಡೆ ಮಾಡುವುದಿಲ್ಲ ಎಂದರು. ಫಲಿತಾಂಶ ಬರುವವರೆಗೆ ತಾವು ಕೆಲಸ ಶುರುಮಾಡುವುದಿಲ್ಲ ಎಂದೂ ಹೇಳಿದರು. ಮಾವಶಿಯ ಮಗ ತಾನೇ ಬಂದು ನೀರಿನ ಬಾಟಲಿ ಕೇಳಿ ಒಯ್ದ. ಹೊರಗಿನ ಲ್ಯಾಬಿಗೆ ಕಳಿಸುವ ಓಡಾಟವನ್ನೆಲ್ಲ ಅವನೇ ಮಾಡಿದ.

ನೀರಿನಲ್ಲಿ ಏನೂ ಇರಲಿಲ್ಲ. ವರದಿ ನೋಡಿ ಮಾವಶಿ ಅತ್ತುಬಿಟ್ಟರು. ಅತ್ತೆ ಅವರ ಕೈ ಹಿಡಿದುಕೊಂಡು, "ನಂಗೆ ನಿಮ್ಮ ಮೇಲೆ ಸಿಟ್ಟು ಬಂದಿತ್ತು. ಇನ್ನೂ ಸ್ವಲ್ಪ ಅದೆ. ಹೋತದೆ ಬಿಡಿ," ಎಂದರು. ಅಷ್ಟು ನೇರವಾಗಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ಅಂಕೋಲೆಯವರಿಗೇ ಕೆಲಸ ಕೊಟ್ಟೆವು. ಅವರು ಮುಂದಿನ ಬದಿಗೆ ಔಷಧ ಹಾಕುವಾಗ ನಾವು ಅತ್ತೆಯನ್ನು ಕರೆದುಕೊಂಡು ಅಂಕೋಲೆಯ ನಾದಿನಿಯ ಮನೆಯಲ್ಲಿ ಉಳಿದೆವು. ಬಡಗಿ ಹಿಂದಿನ ಕಿಟಕಿಗೆ ಹೊಸ ಚೌಕಟ್ಟು ಕೂರಿಸಿದ. ಮರಳಿ ಬಂದಾಗ ಅತ್ತೆಗೆ ಕೆಮ್ಮು ಬರಲಿಲ್ಲ. ನನಗೆ ಬೇಕಿದ್ದದ್ದು ಅದೇ.

ಗೆದ್ದಲು ಪೂರ್ತಿ ಹೋಯಿತು ಎನ್ನುವಂತಿಲ್ಲ. ಮುಂದಿನ ಮಳೆಗಾಲ ಮುಗಿಯುತ್ತಿದ್ದಂತೆ ಹಿಂದಿನ ಗೋಡೆಯ ಬುಡದಲ್ಲಿ ಮಣ್ಣಿನ ಸಣ್ಣ ಗೆರೆ ಕಾಣಿಸಿತು. ಕರೆದಾಗ ಅಂಕೋಲೆಯವರು ಬಂದರು. ಗೆರೆಯನ್ನು ಕೆರೆದು ತೆಗೆದು, ಒದ್ದೆಯಾಗಿದ್ದ ಗೋಡೆಯ ಸೋರಿಕೆ ಮುಚ್ಚಿಸಲು ಹೇಳಿ, "ಈ ಬದಿ ನೋಡ್ತಾ ಇರ್ಬೇಕು. ಬೇರೆ ದಾರಿ ಇಲ್ಲ," ಎಂದರು. ಹತ್ತು ವರ್ಷ ಮರೆತು ಕೂರಬಹುದಾಗಿದ್ದ ಕೆಲಸ ನಮ್ಮ ತಲೆಗೇ ಬಂತು.

ಈಗ ಭಾನುವಾರ ಬೆಳಿಗ್ಗೆ ಗಂಡ ಟಾರ್ಚ್ ಹಿಡಿದು ಗೋಡೆಯ ಬುಡ ನೋಡುತ್ತ ಹೋಗುತ್ತಾರೆ. ಮೊನ್ನೆ ಹಾಗೆ ಬಗ್ಗಿದ್ದಾಗ ಆಚೆಯಿಂದ ಮಾವಶಿಯ ಮಗ, "ನಮ್ಮ ಕಡೇನೂ ಒಂಚೂರು ನೋಡ್ತ್ರಾ?" ಎಂದು ಕೇಳಿದ. ಇವರು ಗೇಟು ದಾಟಿ ಅಲ್ಲಿಗೂ ಹೋದರು. ತಿಂಡಿ ಆರುತ್ತಿದೆ ಎಂದು ನಾನು ಕೂಗಿದರೂ ಬೇಗ ಬರಲಿಲ್ಲ.