ಬರಿಗೈಲೆ ಬಾ ಅನ್ನು

ಸ್ವಿಟ್ಜರ್ಲೆಂಡಿನ ರೈಲಿನಲ್ಲಿ ಅತ್ತೆ ಬುತ್ತಿ ಬಿಚ್ಚಿದರು. ಕಲಬುರಗಿಯಿಂದ ಹೊರಟ ಪ್ರವಾಸದ ಗುಂಪು ನಮ್ಮದು. ಗುಂಪಿನ ಉಳಿದವರು, ಅಫಜಲಪುರದವರು, ಹಿಂದಿನ ಬೋಗಿಯಲ್ಲಿದ್ದರು, ಇಲ್ಲಿ ಅತ್ತೆ, ನಾನು, ಎದುರಿಗೊಬ್ಬ ಬಿಳಿ ಹೆಂಗಸು. ಅತ್ತೆ ಕಡಕ್ ರೊಟ್ಟಿ ಮುರಿದದ್ದೇ ಆಕೆ ಬೆಚ್ಚಿ ನೋಡಿದಳು.

"ಹಳೆಯದೇ?" ಎಂದು ನನ್ನನ್ನು ಕೇಳಿದಳು.

ಬೇಕಂತಲೇ ಒಣಗಿಸಿದ್ದು ಎಂದೆ. ನಂಬಲಿಲ್ಲ. ಒಮ್ಮೆ ಭಾರತಕ್ಕೆ ಬಂದಿದ್ದಳಂತೆ, ಬರಿಗಾಲಿನ ಮಕ್ಕಳನ್ನು ಕಂಡಿದ್ದಳಂತೆ. "ನಿಮ್ಮ ಕಡೆ ದಿನಾ ಊಟ ಸಿಗುತ್ತದೆಯೇ?"

ಮೈ ಉರಿದುಹೋಯಿತು. ಬಡತನ ನಮ್ಮಲ್ಲಿ ಇಲ್ಲವೆಂದಲ್ಲ, ಬೇಕಾದರೆ ನಾನೇ ಕರೆದೊಯ್ದು ತೋರಿಸುತ್ತೇನೆ. ಆದರೆ ಅದು ಅತ್ತೆಯ ಬುತ್ತಿಯಲ್ಲಿರಲಿಲ್ಲ. ಜೇವರ್ಗಿಯ ಕಾಲೇಜಿನಲ್ಲಿ ಕಲಿತ ಇಂಗ್ಲಿಷು ನನ್ನದು, ಸಿಟ್ಟು ಬಂದರೆ ಅರ್ಧ ಮರೆತುಹೋಗುತ್ತದೆ.

"ಏನಂದ್ಳವ್ವಾ?" ಅತ್ತೆ ಕೇಳಿದರು.

"ಊರು ಯಾವುದು ಅಂತ ಕೇಳಾಕತ್ತಾಳ್ರಿ."

ಅತ್ತೆಯ ಮುಖ ಅರಳಿತು. "ಮನಿ ತೋರಿಸು ಮತ್ತ!"

ಫೋನಿನಲ್ಲಿ ಭೂಸನೂರಿನ ಮನೆ ತೋರಿಸಿದೆ. ಮಣ್ಣಿನ ಮಾಳಿಗೆ, ಮೊಳದಗಲದ ಗೋಡೆ, ತಲಬಾಗಿಲ ಒಳಗೇ ಕಟ್ಟಿದ ಎರಡು ಎಮ್ಮೆ. ನಮ್ಮ ಕಡೆ ಹೆಣ್ಣು ಕೊಡುವವರು ಮೊದಲು ನೋಡುವುದೇ ಆ ಎಮ್ಮೆಗಳನ್ನು. ಹಿಂದಿನ ಕಬ್ಬಿನ ಹೊಲ ಮಾತ್ರ ಚಿತ್ರದಲ್ಲಿ ಬಿದ್ದಿರಲಿಲ್ಲ. ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡಳು. "ದನಗಳ ಜೊತೆಗೇ ಮಲಗುತ್ತೀರಾ?"

ಕರ್ಮ! ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆ ತನ್ನ ಡಬ್ಬಿಯನ್ನು ಅತ್ತೆಯ ಮುಂದೆ ಸರಿಸಿಬಿಟ್ಟಳು. ಹೆಚ್ಚಿದ ಸೇಬು. ತಾನು ಒಂದು ಹೋಳೂ ತಿನ್ನಲಿಲ್ಲ. ಅತ್ತೆ ಖುಷಿಯಿಂದ ತಿಂದು, ನನಗೂ ಕೊಟ್ಟರು. ನಾನು ಅದನ್ನು ಕರವಸ್ತ್ರದಲ್ಲಿ ಸುತ್ತಿಟ್ಟೆ.

ನಮ್ಮಲ್ಲಿ ಯಾರದೇ ಡಬ್ಬಿಯನ್ನು ಖಾಲಿ ಹೊಳ್ಳಿಸುವುದಿಲ್ಲ. ಅತ್ತೆ ಅದನ್ನು ಸೆರಗಿನಿಂದ ಒರೆಸಿ, ಶೇಂಗಾ ಹೋಳಿಗೆ ಒತ್ತೊತ್ತಿ ತುಂಬಿ ಕೊಟ್ಟರು. ಆಕೆಯ ಕಣ್ಣು ತುಂಬಿದವು. "ಏನೂ ಇಲ್ಲದವರೇ ಇಷ್ಟು ಕೊಡುವುದು" ಎಂದಳು.

ಇದಕ್ಕೇನು ಮಾಡಬೇಕು ಹೇಳಿ. ಉಂಡರೂ ಬಡವರು, ಕೊಟ್ಟರೂ ಬಡವರು! ಎದ್ದು ಬಾಗಿಲವರೆಗೆ ಹೋದೆ, ಬಂದೆ, ಮತ್ತೆ ಕೂತೆ.

"ಯಾಕ ಅಳಾಕತ್ತಾಳ?"

"ಹೋಳಿಗಿ ಭಾಳ ಸೇರ್ಯಾವಂತ್ರಿ."

"ಇನ್ನೂ ತಿಂದೇ ಇಲ್ಲಲ್ಲ!" ಅತ್ತೆ ನನ್ನನ್ನು ದಿಟ್ಟಿಸಿ ನೋಡಿದರು. ಆಮೇಲೆ ಮೆಲ್ಲಗೆ, "ಊರಿಗೆ ಬಾ ಅನ್ನು" ಎಂದರು.

ಹೇಳಿದೆ. ಆಕೆ ಕಣ್ಣೊರೆಸಿಕೊಂಡು ಫೋನು ತೆಗೆದಳು, ಬರೆದುಕೊಳ್ಳಲು. ಏನು ತರಲಿ? ಬಟ್ಟೆ? ಔಷಧ? ಮಕ್ಕಳಿಗೆ ಚಪ್ಪಲಿ?

ನನಗೆ ಸುಳ್ಳು ಹೇಳಿ ಸಾಕಾಗಿತ್ತು. ಇದ್ದದ್ದನ್ನು ಇದ್ದಂತೆ ಅತ್ತೆಗೆ ಹೇಳಿದೆ, ಚಪ್ಪಲಿಯನ್ನೂ ಬಿಡದೆ. ಅತ್ತೆ ಮಡಿಲಲ್ಲಿ ಬಿದ್ದಿದ್ದ ರೊಟ್ಟಿಯ ಚೂರುಗಳನ್ನು ಆರಿಸಿ ಬಾಯಿಗೆ ಹಾಕಿಕೊಂಡರು.

"ಬರಿಗೈಲೆ ಬಾ ಅನ್ನು," ಎಂದರು. "ಉಂಡು ಹೋಗಲಿ."

ಅದೊಂದನ್ನು ಮಾತ್ರ ಚೂರೂ ಬದಲಿಸದೆ ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಫೋನನ್ನು ಕೆಳಗಿಟ್ಟಳು.

"ಬರ್ತಾಳಂತೇನು?" ಅತ್ತೆ ಕೇಳಿದರು.